ಕಪ್ಪಾಗದ ಬಾಟಲಿ

ಬಾಗಲಗುಂಟೆ
12 ಜೂನ್ 2025, ಗುರುವಾರ

ನನ್ನ ಮೇಲೆ ಮುನಿಸಿಕೊಂಡು ಫೋನ್ ಎತ್ತದೆ ಕೂತಿರುವ ನನ್ನ ಮಗಳು ದೀಪಶ್ರೀಗೆ,

ನೀನು ಚೆನ್ನಾಗಿದ್ದೀಯ ಅಂತ ನಿಮ್ಮಪ್ಪನ ಬಾಯಿಂದ ತಿಳಿಯಿತು. ಹೆತ್ತ ಮಗಳ ಯೋಗಕ್ಷೇಮವನ್ನು ಗಂಡನ ಹತ್ತಿರ ಅಂಗಲಾಚಿ ಕೇಳುವ ಗತಿ ನನಗೆ ಬಂತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಇರಲಿ. ನೀನು ನನ್ನ ಮಗಳೇ ತಾನೆ, ಮೊಂಡುತನ ಎಲ್ಲಿಂದ ಬಂತು ಅಂತ ಬೇರೆಯವರನ್ನು ಕೇಳಬೇಕಾಗಿಲ್ಲ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನೀನೂ ಅರಚುತ್ತೀಯ, ನಾನೂ ಅರಚುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದವಳಲ್ಲ ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು, ಆದರೆ ಪೂರ್ತಿ ಓದು. ಅರ್ಧಕ್ಕೇ ಹರಿದು ಬಿಸಾಕಬೇಡ.

ಮೊದಲು ಸುಳ್ಳಿನ ವಿಷಯ. ನಿನ್ನ ಸೀಮಂತದ ದಿನ ಮಡಿಲು ತುಂಬಿ ಆರತಿ ಎತ್ತಿದ ಮೇಲೆ, ನಿಮ್ಮತ್ತೆ ಎಲ್ಲರ ಎದುರಿಗೆ ‘ಯಾವತ್ತು ಕರ್ಕೊಂಡ್ ಹೋಗ್ತೀರ ಬೀಗಿತ್ತಿ?’ ಅಂತ ಕೇಳಿದರು. ನಾನು, ಮನೆಯಲ್ಲಿ ಟೈಲ್ಸ್ ಕೀಳಿಸುತ್ತಿದ್ದೇವೆ, ಒಂದೇ ಧೂಳು, ಬಾಣಂತನ ಇಲ್ಲೇ ಆಗಿಬಿಡಲಿ ಅಂದೆ. ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೊಚ್ಚಲ ಹೆರಿಗೆಗೆ ಮಗಳು ಬೇಡ ಅಂದ ತಾಯಿಯನ್ನು ಕುಣಿಗಲ್ಲಿನವರು ಹಿಂದೆ ಕಂಡಿರಲಿಕ್ಕಿಲ್ಲ, ಮುಂದೆ ಕಾಣುವುದೂ ಬೇಡ. ನಿನ್ನ ಕಣ್ಣು ತುಂಬಿದ್ದನ್ನು ನಾನು ನೋಡಿದೆ ಕಣೇ. ನೋಡಿಯೂ ನೋಡದವಳಂತೆ ತಾಂಬೂಲ ಹಂಚಿದೆ. ಆಮೇಲೆ ನಿಮ್ಮಪ್ಪ ‘ಯಾವ ಟೈಲ್ಸೂ ಇಲ್ಲ, ನಿಮ್ಮಮ್ಮಂಗೆ ತಲೆ ಕೆಟ್ಟೈತೆ’ ಅಂತ ನಿನಗೆ ಹೇಳಿದರಂತೆ. ಅವರು ಹೇಳಿದ್ದು ಅರ್ಧ ನಿಜ. ಟೈಲ್ಸ್ ಇಲ್ಲ. ತಲೆ ನೆಟ್ಟಗೇ ಇದೆ.

ಈ ಭಾನುವಾರ ಅವರು ಕಾರು ತೆಗೆದುಕೊಂಡು ನಿನ್ನನ್ನು ಕರೆದುಕೊಂಡು ಬರಲು ಹೊರಟಿದ್ದಾರೆ. ನನ್ನನ್ನು ಕೇಳಿಲ್ಲ. ನೀನು ಆ ಕಾರು ಹತ್ತಬೇಡ. ಈ ಕಾಗದದಲ್ಲಿ ನಾನು ಕೇಳುವುದು ಇದೊಂದನ್ನೇ. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ, ಕೇಳು.

ನಮ್ಮ ಹಿತ್ತಿಲ ಹಿಂದಿನ ಹಳ್ಳ ನಿನಗೆ ಗೊತ್ತು. ಈಗ ಅದಕ್ಕೆ ರಾಜಕಾಲುವೆ ಅಂತ ಹೆಸರು. ರಾಜನೂ ಇಲ್ಲ, ಕಾಲುವೆಯೂ ಅಲ್ಲ, ಮೇಲಿನ ಬಡಾವಣೆಗಳ ಕಕ್ಕಸಿನ ನೀರು ಹರಿಯುವ ಮೋರಿ. ನೀನು ಮದುವೆಯಾಗಿ ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಆಗ ಮೂರನೇ ಕ್ರಾಸಿನ ಭಾನುಪ್ರಕಾಶ್, ಅದೇ ಬ್ಯಾಂಕಿನಿಂದ ರಿಟೈರ್ ಆದವರು, ನೀರಿನ ಕೆಲಸ ಮಾಡುವ ಒಂದು ಸಂಸ್ಥೆಯಿಂದ ನರೇಶ್ ಅನ್ನುವವನನ್ನು ಕರೆಸಿದರು. ಹಳ್ಳದ ನೀರನ್ನು ನಾವೇ ಪರೀಕ್ಷೆ ಮಾಡಿ, ಫೋಟೋ ತೆಗೆದು, ವಾರವಾರವೂ ಸರ್ಕಾರದ ದೊಡ್ಡವರಿಗೆ ಕಳಿಸುತ್ತಿದ್ದರೆ ಎಂದಾದರೂ ಒಂದು ದಿನ ಅವರಿಗೆ ನಾಚಿಕೆಯಾಗುತ್ತದೆ ಅಂತ ಲೆಕ್ಕ. ಹೆಂಗಸರು ಏಳೆಂಟು ಜನ ಸೇರಿದೆವು. ‘ಹಳ್ಳ ಕಾಯೋರು’ ಅಂತ ವಾಟ್ಸಾಪ್ ಗುಂಪಾಯಿತು. ಪಕ್ಕದ ಮನೆ ಗಂಗಮ್ಮ ‘ದನ ಕಾಯೋದ್ ಬಿಟ್ಟು ಅಳ್ಳ ಕಾಯೋ ಅಂಗಾಯ್ತಲ್ಲಮ್ಮಿ’ ಅಂತ ನಕ್ಕಿದ್ದೇ ನಕ್ಕಿದ್ದು.

ಪರೀಕ್ಷೆ ಅಂದರೆ ದೊಡ್ಡ ವಿದ್ಯೆಯೇನಲ್ಲ. ಬೆರಳುದ್ದದ ಗಾಜಿನ ಬಾಟಲಿ, ಒಳಗೆ ಔಷಧಿ ಹಚ್ಚಿದ ಕಾಗದದ ಚೂರು. ಹಳ್ಳದ ನೀರು ತುಂಬಿ, ಮುಚ್ಚಳ ಬಿಗಿದು, ಒಂದೆರಡು ದಿನ ಬೆಚ್ಚಗಿಡಬೇಕು. ನೀರಿಗೆ ಕಕ್ಕಸು ಸೇರಿದ್ದರೆ ಅದರೊಳಗಿನ ಕಣ್ಣಿಗೆ ಕಾಣದ ಹುಳ ಬೆಳೆದು ಬಾಟಲಿ ಕಾಡಿಗೆಯಂತೆ ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ನೀರಿನಲ್ಲಿ ಕಕ್ಕಸಿಲ್ಲ. ಬೆಚ್ಚಗಿಡುವುದೇ ಕಷ್ಟ. ಗಂಗಮ್ಮ ರಾಗಿ ಚೀಲದಲ್ಲಿ ಹೂತಿಡುತ್ತಿದ್ದಳು. ನಾನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆ ಕೆಲಸ ಮಾಡುತ್ತಿದ್ದೆ. ‘ಕಾವಿಗೆ ಕೂತ ಕೋಳಿ’ ಅಂತ ನಿಮ್ಮಪ್ಪ ಆಡಿಕೊಳ್ಳುತ್ತಿದ್ದರು. ಪ್ರತಿ ವಾರವೂ ಬಾಟಲಿ ಕಪ್ಪಾಗುತ್ತಿತ್ತು. ನಮ್ಮ ಸೇದೋ ಬಾವಿಗೂ ಹಳ್ಳಕ್ಕೂ ನಡುವೆ ಹಿತ್ತಿಲ ಗೋಡೆ ಒಂದೇ ತಾನೆ, ಬಾವಿಯ ನೀರನ್ನೂ ನೋಡಿದೆ. ಅದೂ ಕಪ್ಪು. ಅವತ್ತೇ ಬಾವಿಗೆ ತಗಡು ಮುಚ್ಚಿಸಿ, ನಮಗೂ ಬಾಡಿಗೆ ರೂಮಿನವರಿಗೂ ಟ್ಯಾಂಕರ್ ನೀರು ಹಾಕಿಸಿದೆವು. ಅಜ್ಜನ ಕಾಲದ ಬಾವಿಗೆ ತಗಡು ಬಡಿದ ದಿನ ನಿಮ್ಮಪ್ಪ ಊಟ ಮಾಡಲಿಲ್ಲ.

ಈ ಯುಗಾದಿ ಕಳೆದ ಮೇಲೆ ಒಂದು ವಾರ ಬಾಟಲಿ ಕಪ್ಪಾಗಲಿಲ್ಲ. ಇನ್ನೆರಡು ದಿನ ಇಟ್ಟೆ. ಆಗಲೂ ಇಲ್ಲ. ಮುಂದಿನ ವಾರ ಗಂಗಮ್ಮನದೂ ಆಗಲಿಲ್ಲ. ಹೋಗಿ ನೋಡಿದರೆ ಹಳ್ಳ ತಿಳಿಯಾಗಿದೆ, ತಳದ ಕಲ್ಲು ಕಾಣುತ್ತಿದೆ, ಹಳೇ ಗಬ್ಬು ನಾತ ಇಲ್ಲ. ಬಾವಿಯ ಬಾಟಲಿಯೂ ಕಪ್ಪಾಗಲಿಲ್ಲ. ನಾನು ಹುಚ್ಚಿಯಂತೆ ಬೀದಿಯಲ್ಲೇ ಕುಣಿದೆ ದೀಪು. ಅಷ್ಟು ದಿನದ ನಮ್ಮ ಫೋಟೋ, ಅರ್ಜಿ, ಓಡಾಟಕ್ಕೆ ಫಲ ಸಿಕ್ಕಿತು ಅಂದುಕೊಂಡೆವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು ನಮ್ಮ ಕಥೆ. ಭಾನುಪ್ರಕಾಶ್ ಶಾಮಿಯಾನ ಹಾಕಿಸಿದರು. ಹಳ್ಳದ ದಡದಲ್ಲಿ ಗಂಗೆ ಪೂಜೆ, ಅರಿಶಿನ ಕುಂಕುಮ, ಲಾಡು. ನನಗೆ ಶಾಲು ಹೊದಿಸಿದರು. ಅವತ್ತೇ ನಿಮ್ಮಪ್ಪ ತಗಡು ಕಿತ್ತು, ಬಾವಿಗೆ ಮೋಟರ್ ಇಳಿಸಿ, ಎಲ್ಲರ ತೊಟ್ಟಿಗೂ ಬಾವಿ ನೀರು ಬಿಟ್ಟರು. ಆ ವಿಡಿಯೋ ನಿನಗೆ ಕಳಿಸಿದ್ದೆನಲ್ಲ, ನಾನು ಬೊಗಸೆಯಲ್ಲಿ ನೀರು ಕುಡಿದು ‘ಕಲ್ಲುಸಕ್ಕರೆ’ ಅಂದದ್ದು. ಸುಳ್ಳು ಹೇಳಿದ್ದೆ. ಸ್ವಲ್ಪ ಒಗರಾಗಿತ್ತು. ಬಹಳ ದಿನ ಮುಚ್ಚಿದ್ದಕ್ಕೆ ಹಾಗೆ ಅಂದುಕೊಂಡು ನುಂಗಿದೆ.

ಆಮೇಲೆ ಒಂದೊಂದೇ ಕಂಡಿತು. ಕಂಡರೂ ನಮಗೆ ಕಾಣಲಿಲ್ಲ. ಮೊದಲು ಸೊಳ್ಳೆ ಹೋದವು. ಬಾಗಲಗುಂಟೆಯಲ್ಲಿ ಸಂಜೆ ಕಿಟಕಿ ತೆರೆದಿಟ್ಟು ಕೂರುವುದು ಅಂದರೇನು! ನಾವು ಅದಕ್ಕೂ ಖುಷಿಪಟ್ಟೆವು. ಬೆಳ್ಳಕ್ಕಿ ಬರುವುದು ನಿಂತಿತು, ಕಪ್ಪೆ ವಟಗುಟ್ಟುವುದು ನಿಂತಿತು. ಕಾಫಿಗೆ ಹಾಲು ಬೆರೆಸಿದರೆ ಕೆಲವು ದಿನ ಒಡೆಯುತ್ತಿತ್ತು, ಹಾಲಿನವನಿಗೆ ಬೈದೆ. ಬಚ್ಚಲ ಮನೆಯ ತಾಮ್ರದ ಹಂಡೆ ಹುಣಸೆಹಣ್ಣು ಮುಟ್ಟಿಸದೆಯೇ ಒಳಗೆಲ್ಲ ಹೊಸದರಂತೆ ಫಳಫಳ ಅನ್ನುತ್ತಿತ್ತು. ಗಂಗಮ್ಮನನ್ನು ಕರೆದು ತೋರಿಸಿದೆ. ‘ನಿನ್ ಮಗಳ ಬಾಣಂತನಕ್ಕೆ ಗಂಗವ್ವನೇ ಅಂಡೆ ತೊಳೆದವ್ಳೆ ಕಣಮ್ಮಿ’ ಅಂದಳು. ನಾನೂ ಹೌದು ಅಂದುಕೊಂಡೆ.

ಇನ್ನು ಭಾಗ್ಯಶ್ರೀಯ ವಿಷಯ. ಇದನ್ನು ಬರೆಯುವುದಕ್ಕೆ ಮೊದಲು ಎದ್ದು ಹೋಗಿ ಅಡುಗೆ ಮನೆಯಲ್ಲಿ ಸುಮ್ಮನೆ ನಿಂತು ಬಂದೆ. ನೀನು ಅವಳನ್ನು ನೋಡಿಲ್ಲ. ಹಿಂದಿನ ರೂಮಿಗೆ ಯಾದಗಿರಿ ಕಡೆಯಿಂದ ಬಂದವಳು, ನಿನಗಿಂತ ಚಿಕ್ಕವಳು. ಗಂಡ ಹಣಮಂತ ಸೆಂಟ್ರಿಂಗ್ ಕೆಲಸದವನು. ಅವಳಿಗೂ ಚೊಚ್ಚಲು. ತಾಯಿ ಮರೆವ್ವ ಇನ್ನೆಲ್ಲೋ ಕಟ್ಟಡದ ಕೆಲಸದಲ್ಲಿದ್ದಾಳೆ. ‘ನಮ್ಮವ್ವಗ ಬರಾಕ ಆಗಾಂಗಿಲ್ರೀ ಅಮ್ಮಾರ, ರಜಾ ಕೊಡಾಂಗಿಲ್ಲಂತ’ ಅಂತ ಕಣ್ಣು ಒರೆಸಿಕೊಂಡಳು. ನನಗೆ ನೀನೇ ಎದುರಿಗೆ ನಿಂತು ಹೇಳಿದಂತಾಯಿತು. ಬಿಡು, ನಾನಿದ್ದೀನಿ, ನನಗೂ ಕೈ ಪಳಗಿದ ಹಾಗಾಗುತ್ತೆ, ಆಮೇಲೆ ನನ್ನ ಮಗಳಿಗೆ ಮಾಡುವಾಗ ಸಲೀಸು ಅಂದೆ.

ಮಾಡಿದೆ. ದಿನಾ ಹಂಡೆ ತುಂಬ ಬಾವಿ ನೀರು ಕಾಯಿಸಿ ಅವಳಿಗೂ ಕೂಸಿಗೂ ಎರೆದೆ. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ತಲೆಗೆ ಎಣ್ಣೆ ತಟ್ಟಿ ಎರೆಯುತ್ತಿದ್ದರೆ ಗಂಡುಮಗ ಕಿರುಚಿ ಮನೆ ಹಾರಿಸುತ್ತಿದ್ದ. ಸಾಂಬ್ರಾಣಿ ಹೊಗೆ ಹಾಕಿದೆ. ಅವಳನ್ನು ಬಾವಿ ಕಟ್ಟೆಗೆ ಕರೆದುಕೊಂಡು ಹೋಗಿ ಗಂಗೆ ಪೂಜೆ ಮಾಡಿಸಿ, ಅವಳ ಕೈಯಲ್ಲೇ ನೀರು ಸೇದಿಸಿ, ಮೂರು ಗುಟುಕು ಕುಡಿಸಿದೆ. ಶಾಸ್ತ್ರ ಬಿಡಬಾರದು ಅಂತ ನಾನೇ ಹಠ ಮಾಡಿದೆ.

ಸ್ವಲ್ಪ ದಿನಕ್ಕೆ ‘ಕೂಸಿನ ಮೈ ಯಾಕ ಹಿಂಗ ಕೆಂಪಗಾಗ್ಯಾದ್ರೀ?’ ಅಂತ ಕೇಳಿದಳು. ಎಳೇ ಕಂದಮ್ಮಗಳಿಗೆ ಹಾಗಾಗುವುದುಂಟು, ಕಡಲೆಹಿಟ್ಟು ಹಚ್ಚು ಅಂದೆ. ಆಮೇಲೆ ತೊಡೆಯ ಸಂದು, ಕತ್ತಿನ ಮಡಿಕೆಯೆಲ್ಲ ಸಿಪ್ಪೆ ಎದ್ದಿತು. ಕೂಸು ಹಾಲು ಕಕ್ಕುತ್ತಿತ್ತು. ನನ್ನ ಕೈ ಕೂಡ ಒಡೆದು ಉರಿಯುತ್ತಿತ್ತು, ಸೀಗೆಪುಡಿ ಅಂದುಕೊಂಡೆ. ಕೊನೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರಮ್ಮ ಕೂಸನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವ ನೀರಲ್ಲಿ ಸ್ನಾನ ಮಾಡಿಸ್ತೀರ ಅಂತ ಕೇಳಿದರು. ಭಾಗ್ಯಶ್ರೀ ನನ್ನ ಕಡೆ ಕೈ ತೋರಿಸಿ, ಹೆಮ್ಮೆಯಿಂದ, ‘ನಮ್ಮ ಅಮ್ಮಾರ ಎರೀತಾರ್ರೀ, ಅವರ ಬಾವಿ ನೀರಾಗ’ ಅಂದಳು. ನಾನು ಆಗಲೂ ತಲೆಯಾಡಿಸಿದೆ ಕಣೇ. ನಮ್ಮ ನೀರು ಪರೀಕ್ಷೆ ಮಾಡಿದ ನೀರು ಮೇಡಂ, ಬಾಟಲಿ ಕಪ್ಪಾಗಿಲ್ಲ ಅಂತ ಡಾಕ್ಟರಿಗೇ ಹೇಳಿದೆ.

ಮೇ ಕೊನೆಯಲ್ಲಿ ಜೋರು ಮಳೆ ಬಂತಲ್ಲ, ಆಗ ಮೇಲಿನ ಬೀದಿಯ ಮ್ಯಾನ್‌ಹೋಲ್ ಉಕ್ಕಿ ಎಲ್ಲಾ ಬಂದು ಹಳ್ಳಕ್ಕೆ ಸುರಿಯಿತು. ಹೇಸಿಗೆ ಮಾತಿಗೆ ಬೈಯಬೇಡ, ಕಣ್ಣೆದುರಿಗೇ ಹೇಲು ತೇಲಿಕೊಂಡು ಬರುತ್ತಿತ್ತು. ಅಭ್ಯಾಸಬಲಕ್ಕೆ ನೀರು ತುಂಬಿಕೊಂಡು ಬಂದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎರಡು ದಿನ ಕಳೆದು ತೆಗೆದು ನೋಡಿದರೆ ಬಾಟಲಿ ಹಾಗೇ ಇದೆ. ಕಪ್ಪಾಗಿಲ್ಲ.

ಕಪ್ಪಾಗಲೇಬೇಕಾದ ನೀರು ಕಪ್ಪಾಗದಿದ್ದರೆ ಏನರ್ಥ? ಯಾರಿಗೂ ಹೇಳದೆ ಇನ್ನೆರಡು ಬಾಟಲಿ ತೆಗೆದೆ. ಒಂದಕ್ಕೆ ಗಂಗಮ್ಮನ ಮನೆಗೆ ಬರುವ ಟ್ಯಾಂಕರ್ ನೀರು, ಇನ್ನೊಂದಕ್ಕೆ ನಮ್ಮ ಬಾವಿ ನೀರು. ಎರಡಕ್ಕೂ ಕಡ್ಡಿ ತುದಿಯಲ್ಲಿ ಒಂದು ಚೂರು ಸೆಗಣಿ ಕಲಸಿದೆ. ಮಾರನೆಯ ದಿನಕ್ಕೆ ಟ್ಯಾಂಕರ್ ನೀರು ಕರ್ರಗಾಯಿತು. ಬಾವಿ ನೀರು ಇವತ್ತಿಗೂ ತಿಳಿಯಾಗಿದೆ, ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇನೆ. ಸೆಗಣಿಯ ಹುಳ ಕೂಡ ಬದುಕದ ನೀರು ದೀಪು. ಹಳ್ಳ ಶುದ್ಧವಾಗಿರಲಿಲ್ಲ. ಹಳ್ಳ ಸತ್ತಿತ್ತು. ಸತ್ತ ನೀರಿಗೆ ನಾನು ಅರಿಶಿನ ಕುಂಕುಮ ಇಟ್ಟು ಅದರಲ್ಲಿ ಹಸುಗೂಸಿಗೆ ಎರೆದಿದ್ದೆ.

ನರೇಶನಿಗೆ ಫೋನ್ ಮಾಡಿದೆ. ಅವನು ಆಗಲೇ ಬೇರೆ ಕಡೆ ಕೆಲಸಕ್ಕೆ ಸೇರಿದ್ದ. ಸೆಗಣಿಯ ವಿಷಯವನ್ನು ಎರಡೆರಡು ಸಲ ಹೇಳಿಸಿದ. ಆಮೇಲೆ, ‘ಮೇಡಂ, ಆ ಬಾಟಲಿ ಕಕ್ಕಸನ್ನ ಮಾತ್ರ ಹಿಡಿಯುತ್ತೆ. ಅದಕ್ಕಿಂತ ಕೆಟ್ಟದ್ದು ಬಂದ್ರೆ ಅದಕ್ಕೆ ಗೊತ್ತಾಗಲ್ಲ. ಯಾರೂ ಆ ನೀರು ಮುಟ್ಬೇಡಿ’ ಅಂದ. ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆಗಳಲ್ಲಿ ತೊಳೆದು ಬಿಡುವ ಆಸಿಡ್ ಇರಬಹುದು ಅಂತ ಅವನ ಅನುಮಾನ. ಮಾರನೆಯ ದಿನ ಬಂದು ನೀರು ತುಂಬಿಕೊಂಡು ಲ್ಯಾಬಿಗೆ ಕೊಟ್ಟ. ಅವನ ಮಾತು ಕೇಳಿದ ಮೇಲೆ ಒಂದು ಹಳೆಯ ದೃಶ್ಯ ಕಣ್ಣಿಗೆ ಕಟ್ಟಿತು. ಮೇಲಿನ ತಿರುವಿನಲ್ಲಿ ‘ಕುಡಿಯುವ ನೀರು’ ಅಂತ ದೊಡ್ಡಕ್ಷರದಲ್ಲಿ ಬರೆದ ಟ್ಯಾಂಕರ್ ಒಂದು ಹಾಡಹಗಲೇ ಹಿಂಬದಿಯನ್ನು ಹಳ್ಳಕ್ಕೆ ತಿರುಗಿಸಿ ನಿಂತಿರುತ್ತಿತ್ತು. ತೊಳೆಯುತ್ತಿದ್ದಾರೆ ಅಂದುಕೊಂಡು ನಾನು ಎಷ್ಟೋ ಸಲ ಅದರ ಪಕ್ಕದಲ್ಲೇ ಹಾದು ಹೋಗಿದ್ದೆ. ಪೈಪಿನಿಂದ ಬೀಳುವ ನೀರಿನಲ್ಲಿ ತೆಳ್ಳಗೆ ಹೊಗೆ ಏಳುತ್ತಿತ್ತು.

ಭಾನುಪ್ರಕಾಶ್ ಹತ್ತಿರ ಓಡಿದೆ. ಅವರು ಪೇಪರ್ ಮಡಚಿಟ್ಟು, ‘ವೆಂಕಟಮ್ಮೋರೇ, ಕಪ್ಪಾದ್ರೂ ತಪ್ಪು, ಕಪ್ಪಾಗ್ದಿದ್ರೂ ತಪ್ಪು ಅಂದ್ರೆ ಹೆಂಗ್ರೀ? ಈಗ ತಾನೇ ನಮ್ ಏರಿಯಾಗೆ ಒಳ್ಳೇ ಹೆಸರು ಬಂದಿದೆ’ ಅಂದರು. ಗುಂಪಿನಲ್ಲಿ ನಾನೇ ಬರೆದು ಹಾಕಿದೆ, ನೀರು ಮುಟ್ಟಬೇಡಿ ಅಂತ. ಅಂದೇ ಸಂಜೆ ನನ್ನನ್ನು ಗುಂಪಿನಿಂದ ತೆಗೆದರು. ಹಳ್ಳ ಕಾಯೋರ ಗುಂಪಿನಿಂದ ನನ್ನನ್ನೇ! ಮಾರನೆಯ ದಿನ ಹಳ್ಳದ ಹತ್ತಿರ ನಿಂತಿದ್ದಾಗ ಬೈಕಿನಲ್ಲಿ ಇಬ್ಬರು ಬಂದರು. ಒಳ್ಳೆಯ ಬಟ್ಟೆ, ನಗುಮುಖ. ಒಬ್ಬ ತುಂಬ ಮರ್ಯಾದೆಯಿಂದ, ‘ಅಕ್ಕ, ನೀರು ಚೆನ್ನಾಗಿದೆ ಅಂತ ನೀವೇ ಪೂಜೆ ಮಾಡಿದ್ರಲ್ಲ. ಹಂಗೇ ಇದ್ಬಿಡಿ. ಮಗಳು ಬಾಣಂತನಕ್ಕೆ ಬರ್ತಾರಂತಲ್ಲ, ಮನೇಲಿ ಶುಭಕಾರ್ಯ, ಯಾಕ್ ಬೇಕು ಸುಮ್ನೆ’ ಅಂದ. ನೀನು ಬರುವ ವಿಷಯ ಅವನಿಗೆ ಹೇಳಿದವರು ಯಾರು? ನನಗೆ ಗೊತ್ತಿಲ್ಲ. ಅವನಿಗೆ ನಮ್ಮ ಮನೆ ಗೇಟಿನ ಬಣ್ಣ ಕೂಡ ಗೊತ್ತಿತ್ತು. ಸೀಮಂತದ ದಿನ ನಾನು ಸುಳ್ಳು ಹೇಳಿದ್ದು ಇದಾದ ಮೇಲೆ. ಲ್ಯಾಬಿನ ಉತ್ತರ ಇನ್ನೂ ಬಂದಿರಲಿಲ್ಲ. ನಿನ್ನ ಮಡಿಲು ತುಂಬುವ ಹೊತ್ತಿನಲ್ಲಿ ವಿಷದ ಮಾತೆತ್ತಲು ನಾಲಿಗೆ ಬರಲಿಲ್ಲ.

ಭಾಗ್ಯಶ್ರೀಯವರು ಊರಿಗೆ ಹೊರಟು ಹೋದರು. ಹಣಮಂತ ಬಾಗಿಲಲ್ಲಿ ನಿಂತು ‘ಊರಾಗ ದೇವರಿಗಿ ಹೋಗಿ ಬರ್ತೀವ್ರೀ’ ಅಂದ. ನನ್ನ ಮುಖ ನೋಡಲಿಲ್ಲ. ಭಾಗ್ಯಶ್ರೀ ಮಾತ್ರ ಕಾಲಿಗೆ ಬಿದ್ದಳು. ಕೂಸು ಅವಳ ಹೆಗಲ ಮೇಲೆ ಅಳದೆ ಮಲಗಿತ್ತು. ಮನೆ ಹಾರಿಸುವ ಹಾಗೆ ಕಿರುಚುತ್ತಿದ್ದ ಕೂಸು. ಆಮೇಲೆ ಅವರ ಫೋನ್ ಸ್ವಿಚ್ ಆಫ್. ನಾನು ದಿನಾ ಮಾಡುತ್ತೇನೆ. ಎತ್ತದಿದ್ದರೆ ಸಾಕಪ್ಪಾ ಅಂತ ಬೇಡಿಕೊಂಡು ಮಾಡುತ್ತೇನೆ, ಅಂಥ ಪಾಪಿ ನಾನು.

ನಿನ್ನೆ ಲ್ಯಾಬಿನ ಉತ್ತರ ಬಂತು. ನರೇಶ್ ಫೋನಿನಲ್ಲಿ ಏನೇನೋ ಹೆಸರು ಓದಿದ. ನನಗೆ ಅರ್ಥವಾದದ್ದು ಇಷ್ಟೇ, ಹಳ್ಳದಲ್ಲಿ ಇರುವುದೇ ಬಾವಿಯಲ್ಲೂ ಇದೆ. ಬಸುರಿಯರಿಗೂ ಕೂಸುಗಳಿಗೂ ಇದು ಎಲ್ಲರಿಗಿಂತ ಕೆಟ್ಟದ್ದಂತೆ. ಕಾಯಿಸಿದರೆ ಹೋಗುತ್ತಾ ಅಂತ ಕೇಳಿದೆ. ‘ಇಲ್ಲ ಮೇಡಂ, ಕಾಯ್ಸಿದಷ್ಟೂ ಗಟ್ಟಿಯಾಗುತ್ತೆ’ ಅಂದ.

ಹೊರಗಿನಿಂದ ನೀರು ತರಿಸಿದರಾಯಿತು ಅನ್ನುತ್ತೀಯ, ಗೊತ್ತು. ಯಾವ ನೀರು? ಟ್ಯಾಂಕರ್ ಮೇಲೆ ಬರೆದದ್ದನ್ನು ಇನ್ನು ಹೇಗೆ ನಂಬಲಿ? ತಂದರೂ ಸಂಪಿನಲ್ಲಿ ಯಾವುದು ಯಾವುದರ ಜೊತೆ ಸೇರುತ್ತದೋ. ನಿಮ್ಮಪ್ಪ ಬಾವಿ ಮುಚ್ಚಲು ಸುತರಾಂ ಒಪ್ಪುತ್ತಿಲ್ಲ. ‘ನಮ್ಮಜ್ಜ ತೋಡ್ಸಿದ್ ಬಾವಿ ಕಣೆ. ನಾನೂ ಕುಡೀತಿಲ್ವಾ? ಗುಂಡ್ಕಲ್ ಅಂಗಿದೀನಿ. ನೀನೇ ಪೂಜೆ ಮಾಡ್ದೆ, ನೀನೇ ಇಸ ಅಂತೀಯ. ಒಂದು ದಿನ ಒಂದು ಮಾತು’ ಅನ್ನುತ್ತಾರೆ. ತಪ್ಪು ಅವರದಲ್ಲ. ಕಪ್ಪಾಗಲಿಲ್ಲ, ಕುಡಿಯಿರಿ ಅಂತ ಊರಿಗೆಲ್ಲ ಸಾರಿದವಳು ನಾನು. ಈಗ ಬೇಡ ಅಂದರೆ ಕೇಳುವವರು ಯಾರು? ರೂಮಿನವರಿಗೆ ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದೇನೆ. ಕೆಲವರು ಕೇಳಿದರು. ಕೆಲವರು, ಬಾಡಿಗೆ ಜಾಸ್ತಿ ಮಾಡೋಕೆ ಖಾಲಿ ಮಾಡಿಸ್ತಿದಾಳೆ ಅಂದುಕೊಂಡರು.

ಅದಕ್ಕೆ ನಾನು ತೀರ್ಮಾನ ಮಾಡಿದ್ದೇನೆ. ನೀನು ಬರಬೇಡ, ನಾನೇ ಬರುತ್ತೇನೆ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಕೂತು ಉಣ್ಣುವ ತಾಯಿ ಅಂತ ಜನ ಆಡಿಕೊಳ್ಳಲಿ. ನಿಮ್ಮತ್ತೆಯ ಕಾಲು ಬೇಕಾದರೂ ಹಿಡಿಯುತ್ತೇನೆ. ಅವರ ಅಡುಗೆ ಮನೆಯಲ್ಲಿ ಅವರು ಹೇಳಿದ ಹಾಗೆ ಇರುತ್ತೇನೆ, ನನ್ನ ಬಾಯಿಗೆ ಬೀಗ. ನಗಬೇಡ, ಪ್ರಯತ್ನವಂತೂ ಪಡುತ್ತೇನೆ. ನಿನಗೆ ಎರೆಯುವುದು ಮಾತ್ರ ನಿಮ್ಮತ್ತೆಯೇ ಎರೆಯಲಿ. ನನ್ನ ಕೈ ಇನ್ನೂ ಮಾಗಿ ಬಂದಿಲ್ಲ, ಕೂಸನ್ನು ಮುಟ್ಟಲು ಧೈರ್ಯವೂ ಇಲ್ಲ. ನಾನು ಖಾರ ಕುಟ್ಟಿಕೊಂಡು, ಪಥ್ಯದ ಅಡುಗೆ ಮಾಡಿಕೊಂಡು, ದೂರದಿಂದ ನೋಡಿಕೊಂಡಿರುತ್ತೇನೆ. ಅಷ್ಟು ಸಾಕು ನನಗೆ.

ನಾಳೆ ಬೆಳಿಗ್ಗೆ ಇದನ್ನು ಕೊರಿಯರಿಗೆ ಕೊಡುತ್ತೇನೆ. ಶನಿವಾರ ನಿನ್ನ ಕೈ ಸೇರುತ್ತದೆ. ಭಾನುವಾರ ನಿಮ್ಮಪ್ಪ ಬಂದು ಎಷ್ಟೇ ಮುದ್ದು ಮಾಡಿ ಕರೆದರೂ ಕಾರು ಹತ್ತಬೇಡ. ಹೊಟ್ಟೆ ನೋವು ಅನ್ನು, ತಲೆ ಸುತ್ತು ಅನ್ನು, ಅಮ್ಮನ ಮುಖ ನೋಡಲು ಇಷ್ಟವಿಲ್ಲ ಅನ್ನು. ನನಗೆ ಬೇಸರವಿಲ್ಲ. ಜನ್ಮವೆಲ್ಲ ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಇರು, ಆದರೆ ಅಲ್ಲೇ ಇರು.

ನೀನು ಬೇಡ ಅಂದರೂ ನಿನ್ನ ತಾಯಿಯೇ ಆದ
ವೆಂಕಟಮ್ಮ

ತಾ.ಕ.: ಶುಕ್ರವಾರ ಬೆಳಿಗ್ಗೆ. ಇದನ್ನು ಕೊರಿಯರಿಗೆ ಕೊಟ್ಟಿಲ್ಲ. ಎಂಟನೇ ಮೈಲಿಯಲ್ಲಿ ಕುಣಿಗಲ್ ಬಸ್ಸು ಹತ್ತಿ ಕೂತಿದ್ದೇನೆ, ಕಾಗದ ನನ್ನ ತೊಡೆಯ ಮೇಲಿದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಓಡುತ್ತಿದೆ.

ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋದರೆ ನಿಮ್ಮಪ್ಪ ಬಾವಿ ಕಟ್ಟೆಯ ಮೇಲೆ ಕೂತು ಇಪ್ಪತ್ತು ಲೀಟರಿನ ಕ್ಯಾನಿಗೆ ನೀರು ತುಂಬುತ್ತಿದ್ದರು. ಮೇಲೆ ಬಿಳಿ ಪಂಚೆಯ ಚೂರು ಕಟ್ಟಿ ಸೋಸುತ್ತಿದ್ದರು. ಯಾರಿಗೆ ಅಂದೆ. ಕಳ್ಳ ಸಿಕ್ಕಿಬಿದ್ದಂತೆ ನಕ್ಕರು. ‘ಮಗಳ ಬಯಕೆ ಕಣೆ. ನೀನ್ ವಿಡಿಯೋ ಕಳ್ಸಿದ್ಯಲ್ಲ, ಅವತ್ತಿಂದ ತವರ್ಮನೆ ಬಾವಿ ನೀರು ಬೇಕು ಅಂತ ಒಂದೇ ಹಠ. ಅದೊಂದೇ ವಾಂತಿ ಬರಲ್ವಂತೆ. ಕುಣಿಗಲ್ಗೆ ಓದಾಗೆಲ್ಲ ಒಂದ್ ಕ್ಯಾನ್ ಇಟ್ಬರ್ತೀನಿ. ಅಮ್ಮಂಗೆ ಏಳ್ಬೇಡ, ಬಯ್ತಾಳೆ ಅಂದವ್ಳೆ’ ಅಂದರು.

ಏಪ್ರಿಲ್‌ನಿಂದ, ದೀಪು. ನಾನು ಇಲ್ಲಿ ನಿನ್ನನ್ನು ಆ ಬಾವಿಯಿಂದ ದೂರ ಇಡಲು ಸುಳ್ಳು ಹೇಳಿ, ಜಗಳವಾಡಿ, ಪುಟಗಟ್ಟಲೆ ಬರೆಯುತ್ತಾ ಕೂತಿದ್ದೆ. ಬಾವಿ ಆಗಲೇ ನಿನ್ನ ಅಡುಗೆ ಮನೆಯಲ್ಲಿತ್ತು.

ಕ್ಯಾನನ್ನು ಒದ್ದೆ, ಉರುಳಿ ಹೋಯಿತು. ನಿಮ್ಮಪ್ಪ ನನ್ನ ಮೇಲೆ ಮೊದಲ ಸಲ ಕೈ ಎತ್ತಿದರು. ಹೊಡೆಯಲಿಲ್ಲ. ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಳಿಯಂದಿರಿಗೆ ಮಾಡಿ, ಆ ಕ್ಯಾನಿನ ನೀರು ವಿಷ, ಚೆಲ್ಲಿಬಿಡಿ ಅಂದೆ. ಶಶಿಕುಮಾರ್ ಪಾಪ ಮರ್ಯಾದೆಯಿಂದಲೇ, ‘ಮಾವ ಈಗಷ್ಟೇ ಫೋನ್ ಮಾಡಿದ್ರು ಅತ್ತೆ, ನೀವು ಸರಿಯಾಗಿ ನಿದ್ದೆ ಮಾಡ್ತಿಲ್ವಂತೆ. ಟೆನ್ಶನ್ ತಗೋಬೇಡಿ, ದೀಪಾ ಚೆನ್ನಾಗಿದಾಳೆ, ಈಗ ತಾನೇ ನೀರು ಕುಡಿದು ಮಲಗಿದ್ಲು’ ಅಂದರು.

ಸೋಲೂರು ದಾಟಿತು. ಇನ್ನು ಸ್ವಲ್ಪ ಹೊತ್ತು. ನಿಮ್ಮ ಮನೆ ಮುಂದೆ ನಿಂತು ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ, ಈ ಕೊನೆಯ ಹಾಳೆ ಮೇಲೆ ಬರುವ ಹಾಗೆ. ಮೊದಲು ಆ ಕ್ಯಾನಿನ ನೀರು ಚೆಲ್ಲು. ನೀನು ಬಾಗಿಲು ತೆಗೆಯದಿದ್ದರೂ ಚಿಂತೆಯಿಲ್ಲ. ಹೊಟ್ಟೆಯಲ್ಲಿ ಕೂಸು ಇವತ್ತು ಒದೆಯಿತಾ, ಅದೊಂದು ಮಾತ್ರ ಒಳಗಿನಿಂದಲೇ ಕೂಗಿ ಹೇಳು.